ಅತ್ತೆಯ ಹತ್ತು ವರ್ಷದ ಹೊಟ್ಟೆನೋವು

ನಮ್ಮ ಕಡೆ ಡಾಕ್ಟರರ ಮುಂದೆ ಕುಳಿತು ‘ನಿನ್ನೆಯಿಂದ ನೋವು’ ಎಂದು ಹೇಳುವವರು ಯಾರೂ ಇಲ್ಲ. ಹೇಳಿದರೆ ಮರ್ಯಾದೆ ಉಳಿಯುವುದಿಲ್ಲ. ಡಂಬಳದಿಂದಲೋ ಬೆಳ್ಳಟ್ಟಿಯಿಂದಲೋ ಬಸ್ಸಿನಲ್ಲಿ ನಿಂತುಕೊಂಡು ಗದಗಿಗೆ ಬಂದು, ದವಾಖಾನೆಯ ಬಾಕಿನ ಮೇಲೆ ಮಧ್ಯಾಹ್ನದವರೆಗೆ ಕಾದು, ಕೊನೆಗೊಮ್ಮೆ ಒಳಗೆ ಹೋಗಿ ‘ಎರಡು ದಿನ ಆತು’ ಎಂದರೆ ಡಾಕ್ಟರು ತಲೆ ಎತ್ತದೆಯೇ ಒಂದು ಗುಳಿಗೆ ಬರೆದು ಕಳಿಸಿಬಿಡುತ್ತಾರೆ. ‘ಹತ್ತು ವರ್ಷ ಆತ್ರಿ ಸಾಹೇಬ್ರ’ ಎಂದು ನೋಡಿ, ಕನ್ನಡಕ ಸರಿಮಾಡಿಕೊಂಡು ಹೊಟ್ಟೆ ಮುಟ್ಟುತ್ತಾರೆ. ಇದನ್ನು ಸುಳ್ಳೆನ್ನಲು ನಾನು ತಯಾರಿಲ್ಲ. ನೋವು ಎಷ್ಟು ಜೋರಿದೆ ಎಂಬುದನ್ನು ನಾವು ವರ್ಷಗಳಲ್ಲಿ ಹೇಳುತ್ತೇವೆ, ಅಷ್ಟೇ. ಡಾಕ್ಟರು ಈ ಸೀಮೆಯವರೇ ಆಗಿದ್ದರೆ ಅದರಲ್ಲಿ ಮುಕ್ಕಾಲು ಪಾಲು ಕಳೆದು ಉಳಿದದ್ದನ್ನು ಬರೆದುಕೊಳ್ಳುತ್ತಾರೆ. ಇಷ್ಟು ಸಣ್ಣ ವಿಷಯ ವಿಮಾ ಕಂಪನಿಗೆ ಗೊತ್ತಿರುವುದಿಲ್ಲ ಎಂಬುದು ನಮಗೆ ಗೊತ್ತಿರಲಿಲ್ಲ.

ನಾನು ಬೆಟಗೇರಿಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವವಳು. ಮನೆಯ ಹಿಂದೆ ತಗಡಿನ ಮಾಡು ಇಳಿಸಿ ಒಲೆಗಳನ್ನು ಹೂಡಿದ್ದೇವೆ. ನಾಲ್ಕು ಜನ ಹೆಂಗಸರು ನನ್ನ ಜೊತೆ ಕೂತು ರೊಟ್ಟಿ ಬಡಿಯುತ್ತಾರೆ. ನನ್ನ ಯಜಮಾನರು ರೊಟ್ಟಿಯ ಕಟ್ಟುಗಳನ್ನು ಸ್ಕೂಟರಿನ ಮೇಲೆ ಹೇರಿಕೊಂಡು ಒಂದು ದಿನ ಲಕ್ಷ್ಮೇಶ್ವರ, ಇನ್ನೊಂದು ದಿನ ಶಿರಹಟ್ಟಿ, ಮತ್ತೊಂದು ದಿನ ಮುಂಡರಗಿ ಎಂದು ಖಾನಾವಳಿಗಳಿಗೂ ಕಿರಾಣಿ ಅಂಗಡಿಗಳಿಗೂ ಹಾಕಿ ಬರುತ್ತಾರೆ. ಮನೆಯಲ್ಲಿ ಅತ್ತೆ ಇದ್ದಾರೆ, ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಹೊಟ್ಟೆ ಬಟ್ಟೆಗೆ ಕೊರತೆಯಿಲ್ಲ. ಅದಕ್ಕಿಂತ ಹೆಚ್ಚು ಏನಾದರೂ ಇದೆಯೇ ಎಂದು ಕೇಳಬೇಡಿ.

ಹಿಂದೆ ನಮಗೂ ಬಿಪಿಎಲ್ ಕಾರ್ಡಿತ್ತು. ಮುಂಡರಗಿಯ ದೊಡ್ಡ ಅಂಗಡಿಯವರು ಬಿಲ್ಲು ಬೇಕು, ಜಿಎಸ್‌ಟಿ ನಂಬರು ಬೇಕು ಎಂದರು. ಓಡಾಡಿ ಮಾಡಿಸಿದೆವು. ಮಾಡಿಸಿದ ಮೇಲೆ ಸರ್ಕಾರ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಓಹೋ ಇವರು ಉದ್ಯಮಿಗಳು ಎಂದು ತೀರ್ಮಾನಿಸಿ ಕಾರ್ಡನ್ನು ರದ್ದು ಮಾಡಿತು. ಅದರ ಬೆನ್ನಿಗೆ ಆ ಕಾರ್ಡಿನ ಮೇಲೆ ಸಿಗುತ್ತಿದ್ದ ದವಾಖಾನೆಯ ಪೂರ್ತಿ ಸೌಲಭ್ಯವೂ ಹೋಯಿತು. ಹಿಟ್ಟು ಮೆತ್ತಿದ ಕೈಯಲ್ಲಿ ಹಣೆ ಒರೆಸಿಕೊಳ್ಳುವ ಉದ್ಯಮಿ ನಾನು. ಕನ್ನಡಿ ನೋಡಿದಾಗಲೆಲ್ಲ ನನಗೇ ನಗು ಬರುತ್ತದೆ.

ಆ ಹೊತ್ತಿಗೆ ಸರಿಯಾಗಿ ಬಂದವನು ನನ್ನ ಮೈದುನ. ಅತ್ತೆಯ ತಂಗಿಯ ಮಗ, ಲಕ್ಷ್ಮೇಶ್ವರದವನು. ಮೊದಲು ಮೊಬೈಲ್ ಕರೆನ್ಸಿ ಹಾಕುತ್ತಿದ್ದ, ಆಮೇಲೆ ಗಾಡಿಗಳ ಇನ್ಶೂರನ್ಸ್ ಮಾಡಿಸುತ್ತಿದ್ದ, ಈಗ ಮನುಷ್ಯರಿಗೂ ಮಾಡಿಸುತ್ತಾನೆ. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು ಹಾಕಿಸಿಕೊಂಡು ಉಂಡು, ಕೈ ತೊಳೆದು, ಮೊಬೈಲ್ ತೆಗೆದು ತೋರಿಸಿದ.

“ವೈನಿ, ನಾಲ್ಕೂ ಮಂದೀಗೆ ಸೇರಿ ಒಂದ ಛತ್ರಿ. ಯಾರಿಗೆ ಏನ ಆದ್ರೂ ನೀವು ಕಿಸೇಕ ಕೈ ಹಾಕೂದ ಬ್ಯಾಡ. ಕಾರ್ಡ್ ತೋರ್ಸೂದು, ಮಲಗೂದು, ಎದ್ದು ಬರೂದು.”

ಅವನ ಮಾತು ಕೇಳಿದರೆ ಕಾಯಿಲೆ ಬೀಳಲು ಆಸೆಯಾಗುತ್ತಿತ್ತು. ನನಗೆ ಇನ್ನೂ ಸ್ವಲ್ಪ ಹುಮ್ಮಸ್ಸು ಹೆಚ್ಚಾಗಿ, ನನ್ನ ಜೊತೆ ರೊಟ್ಟಿ ಬಡಿಯುವ ನಾಲ್ವರಿಗೂ ಮಾಡಿಸೋಣ ಎಂದೆ. ಅವನು ಯಾರಿಗೋ ಫೋನು ಹಚ್ಚಿ ಕೇಳಿ, ಕೆಲಸದವರ ಗುಂಪಿಗೆ ಮಾಡಿಸಬೇಕಾದರೆ ಕಡಿಮೆಯೆಂದರೂ ಏಳು ಜನ ಇರಬೇಕಂತೆ ಎಂದ. ನಾಲ್ಕು ಜನರ ಕಾಯಿಲೆ ಕಂಪನಿಯ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಹೆಂಗಸರಿಗೆ ಹೇಗೆ ಹೇಳುವುದೆಂದು ನಾನು ಮುಖ ಸಣ್ಣ ಮಾಡಿಕೊಂಡು ಕುಳಿತರೆ, ನೇಕಾರರ ಓಣಿಯಿಂದ ಬರುವ ಬೀಬಿ ರೊಟ್ಟಿ ತಿರುವಿ ಹಾಕುತ್ತ ನಕ್ಕಳು.

“ಅಕ್ಕಾರ, ನಮ್ಮ ಚಿಂತಿ ಬಿಡ್ರಿ. ನಮ್ಮೆಲ್ಲಾರ್ದೂ ಬಿಪಿಎಲ್ ಕಾರ್ಡ್ ಐತಿ. ನಿಮ್ದ ಪಾಪ, ಏನೂ ಇಲ್ಲ.”

ಅವಳು ಹೇಳಿದ್ದು ಖರೆಯೇ ಇತ್ತು. ಒಲೆಯ ಸುತ್ತ ಕುಳಿತ ಐವರಲ್ಲಿ ಕನಿಕರಕ್ಕೆ ಅರ್ಹಳಾದವಳು ಮಾಲಕಿ ಒಬ್ಬಳೇ. ನಾನು ಮೈದುನ ತೋರಿಸಿದ ಕಡೆಯೆಲ್ಲ ಸಹಿ ಮಾಡಿದೆ.

ಮೊದಲ ವರ್ಷ ಯಾರಿಗೂ ಏನೂ ಆಗಲಿಲ್ಲ. ಎರಡನೆಯ ವರ್ಷ ಕಂತು ಏರಿತು. ಯಾಕೆಂದು ಕೇಳಿದರೆ ದವಾಖಾನೆಗಳು ತುಟ್ಟಿಯಾಗಿವೆ ಎಂದರು. ನಾವು ದವಾಖಾನೆಗೆ ಹೋಗಿಯೇ ಇಲ್ಲವಲ್ಲ ಎಂದರೆ, ನೀವು ಹೋಗಿಲ್ಲ, ಬೇರೆಯವರು ಹೋಗಿದ್ದಾರೆ ಎಂದರು. ಆ ವರ್ಷವೂ ಏನೂ ಆಗಲಿಲ್ಲ. ಮೂರನೆಯ ವರ್ಷ ಮತ್ತೆ ಏರಿತು. ಈ ಸಲ ಕಾರಣ ಅತ್ತೆಯ ವಯಸ್ಸು. ವಯಸ್ಸು ಎಲ್ಲರಿಗೂ ದಿನಕ್ಕೊಂದು ದಿನ ಏರುತ್ತದೆ. ಕಂಪನಿಯ ಪುಸ್ತಕದಲ್ಲಿ ಮಾತ್ರ ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದಂತೆ, ಅತ್ತೆ ಒಂದು ಮೆಟ್ಟಿಲು ಹತ್ತಿದ್ದರಂತೆ. ಮೊಣಕಾಲು ನೋವಿಗೆ ಮಾಳಿಗೆ ಹತ್ತುವುದನ್ನೇ ಬಿಟ್ಟಿದ್ದ ಅತ್ತೆಗೆ ಇದು ದೊಡ್ಡ ಸುದ್ದಿ. ಆಮೇಲೆ ವಿಮೆಯ ಮೇಲಿನ ತೆರಿಗೆಯನ್ನು ಸರ್ಕಾರ ತೆಗೆಯಿತು ಎಂದು ಪೇಪರಿನಲ್ಲಿ ಬಂತು. ನಾವು ಮೂಢರು, ಖುಷಿಯಿಂದ ಸಜ್ಜಕ ಮಾಡಿ ಉಂಡೆವು. ಮುಂದಿನ ಕಂತು ಬಂದಾಗ ನೋಡಿದರೆ ತೆರಿಗೆ ಇದ್ದ ಜಾಗದಲ್ಲಿ ನಿಜಕ್ಕೂ ಸೊನ್ನೆ ಇತ್ತು. ಮೂಲ ದರವೇ ಉಬ್ಬಿ ಆ ಜಾಗವನ್ನೂ ತುಂಬಿ ಹೊರಗೆ ಚೆಲ್ಲಿತ್ತು.

ಈ ವ್ಯಾಪಾರವನ್ನು ನಾನು ನನ್ನ ರೊಟ್ಟಿಗೆ ಹಚ್ಚಿ ನೋಡಿದ್ದೇನೆ. ಯುಗಾದಿಗೆ ಇಡೀ ವರ್ಷದ ರೊಟ್ಟಿಯ ದುಡ್ಡನ್ನು ಮೊದಲೇ ಇಸಿದುಕೊಳ್ಳುತ್ತೇನೆ ಅನ್ನಿ. ವರ್ಷವಿಡೀ ಗಿರಾಕಿ ಒಂದು ಚೂರನ್ನೂ ಮುರಿಯದಿದ್ದರೆ ಭೇಷ್ ಎಂದು ಬೆನ್ನು ತಟ್ಟಿ ಮರುವರ್ಷ ದರ ಏರಿಸುತ್ತೇನೆ. ಎಂದಾದರೊಂದು ದಿನ ಅವನು ಹಸಿದು ಬಂದರೆ ಬಾಗಿಲಲ್ಲೇ ನಿಲ್ಲಿಸಿ, ಈ ಹಸಿವು ಯಾವಾಗಿನಿಂದ ಇದೆ ಎಂದು ಕೇಳುತ್ತೇನೆ. ಹುಟ್ಟಿದಾಗಿನಿಂದ ಎಂದು ಅವನು ಅಂದರೆ, ಹಾಗಾದರೆ ದುಡ್ಡು ಕಟ್ಟುವ ಮೊದಲೇ ಹಸಿವಿತ್ತು, ಅದನ್ನು ಮುಚ್ಚಿಟ್ಟಿದ್ದೀ, ನಡಿ ಆಚೆ ಎನ್ನುತ್ತೇನೆ. ಗದಗಿನ ಬಜಾರದಲ್ಲಿ ಯಾರಾದರೂ ಹೀಗೆ ವ್ಯಾಪಾರ ಮಾಡಲಿ, ಸಂಜೆಯೊಳಗೆ ಜನ ಚಪ್ಪಲಿ ಕೈಗೆ ತೆಗೆದುಕೊಂಡಿರುತ್ತಾರೆ. ಕಂಪನಿಯವರಿಗೆ ಮಾತ್ರ ನಾವೇ ಕೈ ಮುಗಿದು ಕಟ್ಟಿ ಬರುತ್ತೇವೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.

ಆ ಮೂರನೆಯ ವರ್ಷವೇ ದೀಪಾವಳಿ ಮುಗಿದ ಮೇಲೆ ಅತ್ತೆಗೆ ಹೊಟ್ಟೆನೋವು ಸುರುವಾಯಿತು. ಎಣ್ಣೆಗಾಯಿ ಉಂಡ ದಿನ ಹೆಚ್ಚು, ಗಂಜಿ ಕುಡಿದ ದಿನ ಕಡಿಮೆ. ಓಮಿನ ಕಾಳು, ಇಂಗು, ಮಜ್ಜಿಗೆ ಎಲ್ಲ ಆಯಿತು. ಒಂದು ಬೆಳಿಗ್ಗೆ ಜೋಳ ಹಸನು ಮಾಡುತ್ತ ಕುಳಿತವರು ಮೊರ ಬಿಟ್ಟು ಅಲ್ಲೇ ಮುದುಡಿಕೊಂಡರು. ಗದಗಿನ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದೆವು. ಪಿತ್ತಕೋಶದಲ್ಲಿ ಹರಳುಗಳಿವೆ, ತೆಗೆಯಬೇಕು ಎಂದರು. ಒಳಗೆ ಸೇರಿಸಿಕೊಳ್ಳುವಾಗ ಒಬ್ಬ ಎಳೆಯ ಡಾಕ್ಟರು ಬಂದ. ಈ ಕಡೆಯವನಲ್ಲ, ಮಾತಿನಲ್ಲೇ ಗೊತ್ತಾಗುತ್ತಿತ್ತು.

“ಎಷ್ಟು ದಿನದಿಂದ ನೋವಿದೆ ಅಜ್ಜಿ?”

“ದಿನದ ಲೆಕ್ಕಾ ಕೇಳ್ತೀಯೇನಪಾ! ಹತ್ತು ವರ್ಷ ಆತು. ಸತ್ತು ಸತ್ತು ಹುಟ್ಟೇನಿ.”

ಅವನು ಶ್ರದ್ಧೆಯಿಂದ ಹತ್ತು ವರ್ಷ ಎಂದೇ ಬರೆದುಕೊಂಡ. ಪಕ್ಕದಲ್ಲಿ ನಿಂತಿದ್ದ ನಾನು ಕೇಳಿಸಿಕೊಂಡೆ, ನನಗೆ ಅದು ದೊಡ್ಡ ಮಾತೆಂದೇ ಅನಿಸಲಿಲ್ಲ. ನಾನಾದರೂ ಹಾಗೆಯೇ ಹೇಳುತ್ತಿದ್ದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಅದಕ್ಕಿಂತ ಮೊದಲು ಮಾಡಿದ ತಪಾಸಣೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಅತ್ತೆಯ ಹೃದಯದ ಒಂದು ಕವಾಟ ಬಿಗಿಯಾಗುತ್ತಿದೆಯಂತೆ. ಸದ್ಯಕ್ಕೆ ಗುಳಿಗೆ ಸಾಕು, ಆದರೆ ಒಂದಲ್ಲ ಒಂದು ದಿನ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಅದನ್ನು ಬದಲಿಸಬೇಕಾಗುತ್ತದೆ ಎಂದು ದೊಡ್ಡ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಎಷ್ಟು ಖರ್ಚು ಎಂದು ನಾನು ಕೇಳಿದಾಗ ಅವರು, “ಇನ್ಶೂರನ್ಸ್ ಐತಲ್ಲ, ಬಿಡಬ್ಯಾಡ್ರಿ ಮತ್ತ,” ಎಂದರು. ಅಂದರೆ ನಾವು ಇಡೀ ಜನ್ಮ ರೊಟ್ಟಿ ಬಡಿದರೂ ಆಗದಷ್ಟು ಎಂದು ಅರ್ಥ ಮಾಡಿಕೊಂಡೆ.

ಮನೆಗೆ ಬಿಡುವ ದಿನ ಸಂಜೆ ಕಂಪನಿಯ ಉತ್ತರ ಬಂತು. ರೋಗ ಹತ್ತು ವರ್ಷದಿಂದ ಇದೆ ಎಂದು ರೋಗಿಯೇ ಹೇಳಿದ್ದಾರೆ, ಪಾಲಿಸಿಗೆ ಮೂರೇ ವರ್ಷ, ಆದ್ದರಿಂದ ಕಾಯಿಲೆಯನ್ನು ಮುಚ್ಚಿಟ್ಟು ವಿಮೆ ಮಾಡಿಸಿದ್ದೀರಿ, ದುಡ್ಡು ಕೊಡಲಾಗುವುದಿಲ್ಲ. ನಾವು ಮುಚ್ಚಿಟ್ಟದ್ದಂತೆ! ನಮ್ಮ ಅತ್ತೆ ತನ್ನ ಕಾಯಿಲೆಯನ್ನು ಮುಚ್ಚಿಡುವವರೇ? ಓಣಿಯ ನಳದ ಕಟ್ಟೆಯಲ್ಲಿ ಕೇಳಲಿ, ಅತ್ತೆಯ ಹಲ್ಲುನೋವಿನ ಚರಿತ್ರೆಯನ್ನು ಯಾರು ಬೇಕಾದರೂ ಹೇಳುತ್ತಾರೆ. ರೊಟ್ಟಿ ಮಶೀನಿಗೆಂದು ಕೂಡಿಸಿಟ್ಟಿದ್ದ ದುಡ್ಡನ್ನು ದವಾಖಾನೆಯ ಕಿಟಕಿಯಲ್ಲಿ ಕಟ್ಟಿ ಅತ್ತೆಯನ್ನು ಕರೆದುಕೊಂಡು ಬಂದೆವು. ದಾರಿಯುದ್ದಕ್ಕೂ ನನ್ನ ಮೈ ಉರಿಯುತ್ತಿತ್ತು.

ಎಳೆಯ ಡಾಕ್ಟರನ್ನು ಹುಡುಕಿಕೊಂಡು ಹೋದರೆ ಅವನು ಪಾಪ, “ಅವರು ಹೇಳಿದ್ದನ್ನೇ ಬರೆದೆ” ಎಂದ. ಅತ್ತೆ ಹಟ ಹಿಡಿದರು.

“ನಾ ಅಂದದ್ದು, ನಾನ ಸರಿ ಮಾಡ್ತೀನಿ. ಕಂಪನೀಗೆ ಫೋನ್ ಹಚ್ಚು.”

ಹಚ್ಚಿದೆ. ಬಹಳ ಹೊತ್ತು ವಾದ್ಯ ಬಾರಿಸಿದರು. ಆಮೇಲೆ ನಿಮ್ಮ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ ಎಂದು ಒಂದು ದನಿ ಹೇಳಿತು. “ಮಾಡ್ಕೊಳ್ರಿ, ಛಲೋ ಆತು. ನಾಳೆ ಅಂದಿಲ್ಲ ಅನ್ನಬ್ಯಾಡ್ರಿ,” ಎಂದು ಅತ್ತೆ ಆ ದನಿಗೇ ಉತ್ತರ ಕೊಟ್ಟರು. ಕೊನೆಗೆ ಒಬ್ಬ ಹುಡುಗಿ ಬಂದಳು. ಅತ್ತೆ ಮೊದಲು ಅವಳ ಊಟ ಆಯಿತೇ ಎಂದು ವಿಚಾರಿಸಿ, ಆಮೇಲೆ ವಿಷಯಕ್ಕೆ ಬಂದರು.

“ನೋಡವಾ ತಂಗಿ, ಹತ್ತು ವರ್ಷ ಅಂದ್ರ ಹತ್ತು ವರ್ಷ ಅಲ್ಲ. ಬಾಳ ತ್ರಾಸ ಆಗೇತಿ ಅನ್ನಾಕ ನಾವು ಹಂಗ ಅಂತೀವಿ.”

“ಹಾಗಾದರೆ ನಿಜವಾಗಿ ಎಷ್ಟು ವರ್ಷ ಮೇಡಂ?”

“ವರ್ಷ ಎಲ್ಲೀದವಾ! ಮೊನ್ನೆ ದೀಪಾವಳಿ ಆದಮ್ಯಾಲೆ ಸುರು ಆಗಿದ್ದು.”

ಅಲ್ಲಿಗೆ ಫೋನು ಇಟ್ಟಿದ್ದರೆ ಸಾಕಿತ್ತು. ಆದರೆ ಆ ಹುಡುಗಿಗೆ ಕಲಿಸಿಕೊಟ್ಟ ಸಭ್ಯತೆ ಅಡ್ಡ ಬಂತು. “ಈಗ ಹೇಗಿದ್ದೀರಿ ಮೇಡಂ?” ಎಂದು ಜೇನಿನಂಥ ದನಿಯಲ್ಲಿ ಕೇಳಿಬಿಟ್ಟಳು. ಅಷ್ಟು ಪ್ರೀತಿಯಿಂದ ಕೇಳಿದವರಿಗೆ ಬರಿಗೈಯಲ್ಲಿ ಉತ್ತರ ಕೊಡುವುದು ಅತ್ತೆಯ ಜಾಯಮಾನವಲ್ಲ.

“ಏನ್ ಹೇಳ್ಲೆವಾ. ಹೊಟ್ಟೀದು ಒತ್ತಟ್ಟಿಗಿರ್ಲಿ, ಮೊಣಕಾಲು ಇಪ್ಪತ್ತು ವರ್ಷದಿಂದ ಜೀವಾ ತಿನ್ನಾಕತ್ತೇತಿ. ತಲಿ ತಿರುಗೂದಂತೂ ನಾ ಲಗ್ನ ಆಗಿ ಬಂದಾಗಿಂದ ಐತಿ. ಮತ್ತ ಈಗ ಎದ್ಯಾಗ...”

ನಾನು ಹಾರಿ ಫೋನು ಕಸಿದುಕೊಂಡೆ. ಅತ್ತೆ ಸಿಟ್ಟಾದರು. ಪಾಪದ ಹುಡುಗಿ ಅಕ್ಕರೆಯಿಂದ ಕೇಳುತ್ತಿತ್ತು, ಮಾತಾಡಲು ಬಿಡಲಿಲ್ಲ ಎಂದು ನನ್ನ ಜೊತೆ ಮರುದಿನದವರೆಗೂ ಮಾತು ಬಿಟ್ಟರು. ಸ್ವಲ್ಪ ದಿನದ ಮೇಲೆ ಕಂಪನಿಯಿಂದ ಪತ್ರ ಬಂತು. ಮೊದಲಿನ ತೀರ್ಮಾನದಲ್ಲಿ ಬದಲಾವಣೆಯಿಲ್ಲ. ಅಲ್ಲದೆ ಮೊಣಕಾಲು ಮತ್ತು ತಲೆಸುತ್ತು ಹಳೆಯ ಕಾಯಿಲೆಗಳೆಂದು ತಿಳಿದುಬಂದಿರುವುದರಿಂದ ಇನ್ನು ಮುಂದೆ ಅವುಗಳಿಗೂ ದುಡ್ಡಿಲ್ಲ. ಹೃದಯವೊಂದು ಹೇಗೋ ಉಳಿದುಕೊಂಡಿತ್ತು. ನಮ್ಮನ್ನು ಪಾಲಿಸಿಯಿಂದ ಹೊರಗೇನೂ ಹಾಕಲಿಲ್ಲ. ಹಿಂಡುವ ಎಮ್ಮೆಯನ್ನು ಯಾರಾದರೂ ಹೊರಗೆ ಅಟ್ಟುತ್ತಾರೆಯೇ?

ಈ ವರ್ಷದ ಕಂತು ಬಂದಾಗ ನಾನು ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದೆ. ಅತ್ತೆ ಇನ್ನೊಂದು ಮೆಟ್ಟಿಲು ಹತ್ತಿದ್ದರು. ನಾಲ್ಕು ಜನರ ಛತ್ರಿಗೆ ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ ದರ. ರೊಟ್ಟಿಗೆ ಒಂದು ರೂಪಾಯಿ ಏರಿಸಿದರೆ ಶಿರಹಟ್ಟಿಯ ಖಾನಾವಳಿಯವರು ಹಾವು ಕಂಡವರಂತೆ ಹಿಂದೆ ಸರಿಯುತ್ತಾರೆ. ನಮಗೆ ಏರಿಸಿದವರ ಮುಖವನ್ನಾದರೂ ನಾವು ನೋಡಿಲ್ಲ. ಮೈದುನನನ್ನು ಕರೆಸಿದೆ.

ಅವನು ಎಂದಿನಂತೆ ಉಂಡ. ಉಣ್ಣುವಾಗ ಹಿಂಡಿಯನ್ನು ಹೊಗಳಿದ. ಕೈ ತೊಳೆದ ಮೇಲೆ ದನಿ ತಗ್ಗಿಸಿದ. ಅತ್ತೆ ಆಚೆ ಕಂಬದ ಹತ್ತಿರ ಜೋಳ ಹಸನು ಮಾಡುತ್ತಿದ್ದರು. ಅವರ ಕಿವಿ ಚುರುಕು, ಅದೊಂದು ಅಂಗದ ಬಗ್ಗೆ ಅವರು ಎಂದೂ ದೂರಿದವರಲ್ಲ.

“ಸಿಟ್ಟಾಗಬ್ಯಾಡ್ರಿ ವೈನಿ. ಒಂದು ದಾರಿ ಐತಿ. ದೊಡ್ಡವ್ವನ ಹೆಸರು ತಗದ್ರ ದರ ಅರ್ಧಕ್ಕಿಂತ ಕೆಳಗ ಇಳೀತೈತಿ. ನಿಮ್ಮ ಮೂರೂ ಮಂದೀದು ಆರಾಮ ನಡೀತೈತಿ.”

“ತಗದ ಮ್ಯಾಲೆ ಅವರ ಎದೀಗೆ ಏನರ ಆದ್ರ? ಬ್ಯಾರೆ ಕಂಪನಿ ತಗೋತೈತೇನು?”

“ಇಲ್ರಿ. ಈ ವಯಸ್ಸಿನ್ಯಾಗ, ಅದೂ ಎದಿ ಬ್ಯಾನಿ ಇದ್ದವರನ್ನ ಯಾರೂ ತಗೊಳ್ಳಂಗಿಲ್ಲ. ಎಲ್ಲಾರೂ ಹಿಂಗ ಮಾಡಾಕತ್ತಾರ್ರಿ. ಲಕ್ಷ್ಮೇಶ್ವರದಾಗ ನನ್ನ ಗಿರಾಕಿಗಳು ಬಾಳ ಮಂದಿ ಹಿಂಗ ಮಾಡ್ಯಾರ.”

ಅಂದರೆ ಲೆಕ್ಕ ಇಷ್ಟೇ. ಕಾಯಿಲೆ ಬರದವರು ವಿಮೆಯೊಳಗಿರಬೇಕು, ಬರುವವರು ಹೊರಗಿರಬೇಕು. ಮಳೆ ಬಂದಾಗ ಮಡಚಿಟ್ಟುಕೊಳ್ಳುವ ಛತ್ರಿ. ಅದನ್ನು ನನ್ನ ಮನೆಯಲ್ಲಿ ಕೂತು, ನನ್ನ ರೊಟ್ಟಿ ತಿಂದು, ಸ್ವಂತ ದೊಡ್ಡವ್ವನ ಎದುರಿಗೆ ಹೇಳುತ್ತಿದ್ದಾನೆ. ನನಗೆ ಎಲ್ಲಿತ್ತೋ ಸಿಟ್ಟು, ನಾಲಿಗೆಯ ತುದಿಗೆ ಬಂತು. ಅವನಿಗೆ ನೋವಾಗಲಿ ಎಂದೇ ಕೇಳಿದೆ.

“ಹಂಗಾರ ನಿನ್ನ ಪಾಲಿಸಿಯೊಳಗ ನಿಮ್ಮವ್ವನ ಹೆಸರು ಐತೇನು? ಅದನ್ನ ಹೇಳು ಮೊದಲ.”

ಅವನು ಮೊಬೈಲನ್ನು ಕಿಸೆಗೆ ಹಾಕಿದ. ಮತ್ತೆ ತೆಗೆದ. ತಲೆ ಎತ್ತಲಿಲ್ಲ.

“ತಗದು ಎರಡು ವರ್ಷ ಆತ್ರಿ. ತುಂಬಾಕ ಆಗ್ಲಿಲ್ಲ ವೈನಿ. ಅಕಿಗೆ ಗೊತ್ತಿಲ್ಲ.”

ಇನ್ನೂ ಏನೇನೋ ಅನ್ನಬೇಕೆಂದು ನಾನು ಸಿದ್ಧವಾಗಿದ್ದೆ. ಕಂಪನಿಯನ್ನು ಬೈಯಬೇಕೆಂದರೆ ಕಂಪನಿ ಎದುರಿಗಿರಲಿಲ್ಲ. ಎದುರಿಗಿದ್ದವನು ತನ್ನ ತಾಯಿಯ ಹೆಸರನ್ನು ತಾನೇ ಅಳಿಸಿ, ಊರೂರು ತಿರುಗಿ ಬೇರೆಯವರ ತಾಯಂದಿರ ಹೆಸರು ಬರೆಸುತ್ತಿದ್ದ. ಅತ್ತೆ ಮೊರ ಪಕ್ಕಕ್ಕಿಟ್ಟು, ಕಂಬ ಹಿಡಿದು ಎದ್ದು ಬಂದರು. ಅವನು ಅಳಿಸಿದ್ದು ಅವರ ಒಡಹುಟ್ಟಿದ ತಂಗಿಯ ಹೆಸರನ್ನು. ಬೈಯುತ್ತಾರೆ ಎಂದುಕೊಂಡೆ.

“ಅಕಿಗೆ ಹೇಳಬ್ಯಾಡ ತಮ್ಮಾ. ಐತಿ ಅಂತ ತಿಳಕೊಂಡ ಇರ್ಲಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಂದೂ ತಗದುಬಿಡ್ರಿ. ನನಗೇನಾಗೇತಿ? ಆರಾಮ ಅದೀನಿ,” ಎಂದರು.

ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯ ಬಾಯಲ್ಲಿ ‘ಆರಾಮ ಅದೀನಿ’ ಎಂಬ ಮಾತನ್ನು ಕೇಳಿದ್ದು ಅದೇ ಮೊದಲು. ಹೊಟ್ಟೆ ಹಿಡಿದುಕೊಂಡು ಮುದುಡಿಬಿದ್ದ ದಿನವೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ. ಅವತ್ತು ಏನೂ ತೀರ್ಮಾನಿಸದೆ ಮೈದುನನನ್ನು ಕಳಿಸಿದೆ.

ಮರುದಿನ ಯಜಮಾನರು ಮತ್ತು ನಾನು ಕೂತು ಮಾತಾಡಿದೆವು. ಹಳೆಯ ಪಾಲಿಸಿಯಲ್ಲಿ ಅತ್ತೆಯೊಬ್ಬರನ್ನೇ ಇಟ್ಟು, ಉಳಿದವರಿಗೆ ಬೇರೆ ಮಾಡಿದರೆ ಅತ್ತೆ ಸೇರಿ ಮೂವರಿಗೆ ಕಟ್ಟುವ ಶಕ್ತಿ ಇತ್ತು, ನಾಲ್ವರಿಗೆ ಇರಲಿಲ್ಲ. ಯಜಮಾನರು ತಮ್ಮದು ಬೇಡ ಎಂದರು. ಮುಂಡರಗಿ ರಸ್ತೆಯ ಲಾರಿಗಳ ನಡುವೆ ರೊಟ್ಟಿ ಹೇರಿಕೊಂಡು ಓಡಾಡುವವರು ನೀವು, ಸುಮ್ಮನಿರಿ ಎಂದೆ. ಮಗಳ ಹೆಸರನ್ನು ನಾವಿಬ್ಬರೂ ಎತ್ತಲಿಲ್ಲ. ಉಳಿದವಳು ನಾನು. ಮೈದುನನಿಗೆ ಫೋನಿನಲ್ಲಿ ನನ್ನ ಹೆಸರು ತೆಗೆ ಎಂದು ಹೇಳಿದಾಗ ಅವನು, ಆಗಲಿ ವೈನಿ ಎಂದ. ಅತ್ತೆಗೆ ಎಲ್ಲರದೂ ಮಾಡಿಸಿದ್ದೇವೆ ಎಂದು ಹೇಳಿದೆವು. ಅವರು ನಂಬಿದರು. ನಂಬಿದ ಮೇಲೆ ಮತ್ತೆ ಮೊದಲಿನ ಹಾಗೆ ಮೊಣಕಾಲಿನ ದೂರು, ತಲೆಸುತ್ತಿನ ದೂರು ಎಲ್ಲ ಸುರುವಾದವು. ಅದನ್ನು ಕೇಳಿ ನನ್ನ ಜೀವಕ್ಕೆ ಎಷ್ಟು ಸಮಾಧಾನವಾಯಿತೆಂದು ಯಾರಿಗೂ ಹೇಳುವಂತಿಲ್ಲ.

ಆರೋಗ್ಯ ವಿಮೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಈಗ ನಾನು ಸರಿಯಾಗಿ ಹೇಳಬಲ್ಲೆ. ಮನೆಯಲ್ಲಿ ಯಾರು ಕಾಯಿಲೆ ಬೀಳಬಹುದು, ಯಾರು ಬೀಳಬಾರದು ಎಂದು ವರ್ಷಕ್ಕೊಮ್ಮೆ ಕೂತು ತೀರ್ಮಾನಿಸುವುದು. ಹೋದ ತಿಂಗಳು ನನಗೆ ಜ್ವರ ಬಂದಿತ್ತು. ಯಾರಿಗೂ ಹೇಳಲಿಲ್ಲ, ಹೇಳಬೇಕಾದ ಪ್ರಸಂಗವೂ ಬರಲಿಲ್ಲ. ಹಂಚಿನ ಮುಂದೆ ಕೂತವಳ ಮೈ ಸುಡುತ್ತಿದ್ದರೆ ಯಾಕೆಂದು ಯಾರೂ ಕೇಳುವುದಿಲ್ಲ.